ಸೆಲ್ವಿಯ ಅಮ್ಮ ನೆಟ್ಟ ನಂದಿಬಟ್ಟಲು

ಬಂಗಾರಪೇಟೆ
14 ಜುಲೈ 2024

ಪ್ರೀತಿಯ ಸೆಲ್ವಿ,

ಹೊಸೂರಿನಲ್ಲಿ ನೀನೂ ನಿನ್ನ ಮಗಳು ಲಿಖಿತಳೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಒಂದು ತಿಂಗಳಿಂದ ನಿನ್ನ ಫೋನ್ ಎತ್ತಲಿಲ್ಲ, ತಪ್ಪು ನನ್ನದೇ. ಎತ್ತಿದ್ದರೆ ನೀನು ಮೊದಲು ಗಿಡದ ವಿಷಯವನ್ನೇ ಕೇಳುತ್ತಿದ್ದೆ. ಸಿಟ್ಟಿಗೆ ನನ್ನ ಬಾಯಿಂದ ಮಾತು ಹೊರಡುವ ಹಾಗಿರಲಿಲ್ಲ. ಅದಕ್ಕೇ ಈ ಕಾಗದ.

ನಿನ್ನ ಅಮ್ಮ ತೀರಿಕೊಂಡ ಮೇಲೆ ಚಾಂಪಿಯನ್ ರೀಫ್ಸಿನ ಗಣಿ ಕಾಲೊನಿಯ ಮನೆ ಖಾಲಿ ಮಾಡುವಾಗ, ಅವರು ಡಬ್ಬದಲ್ಲಿ ನೆಟ್ಟಿದ್ದ ನಂದಿಬಟ್ಟಲನ್ನು ನನ್ನ ಕೈಗೆ ಕೊಟ್ಟೆಯಲ್ಲ, ಪ್ಯಾಸೆಂಜರ್ ರೈಲಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದೆ. ಇಲ್ಲಿಯ ಬೋರ್‌ವೆಲ್ ನೀರಿಗೆ ಎಲೆಯೆಲ್ಲ ಹಳದಿಯಾಯಿತು. ಅಕ್ಕಿ ತೊಳೆದ ನೀರು ಹಾಕಿದೆ. ಹಿಟ್ಟಿನಂಥ ಬಿಳಿ ಹುಳು ಬಿದ್ದಾಗ ಒಂದೊಂದೇ ಎಲೆ ಮಗುಚಿ ಬೇವಿನೆಣ್ಣೆಯಿಂದ ಒರೆಸಿದೆ. ಮೂರು ವರ್ಷದಲ್ಲಿ ನನ್ನೆದೆಯುದ್ದ ಬೆಳೆಯಿತು. ನಮ್ಮತ್ತೆ ಅಕ್ಕಯ್ಯಮ್ಮನವರು ದಿನಾ ಬೆಳಿಗ್ಗೆ ದೇವರಿಗೆ ಆ ಹೂವನ್ನೇ ಏರಿಸುತ್ತಿದ್ದರು. ಕಣ್ಣುರಿ ಬಂದಾಗ ಅದನ್ನೇ ರೆಪ್ಪೆಯ ಮೇಲಿಟ್ಟುಕೊಂಡು ಮಲಗುತ್ತಿದ್ದರು. ಆಗೆಲ್ಲ ತಣ್ಣಗಿತ್ತು!

ಕಳೆದ ತಿಂಗಳು ನಿನ್ನ ತಮ್ಮ ರಾಜ್‌ಕುಮಾರ್ ಲಿಖಿತಳ ಮದುವೆಯ ಕಾರ್ಡು ಕೊಡಲು ಬಂದ. ಅಂಗಳದಲ್ಲೇ ನಿಂತು, "ಅಯ್ಯೋ ಅಕ್ಕಾ, ನಮ್ಮಮ್ಮ ಇಟ್ಟ ಗಿಡ ಇದು! ಎಷ್ಟು ಚೆನ್ನಾಗಿ ಬೆಳೆಸಿದ್ದೀರ!" ಎಂದ. ಹೂ ಬಿಡಿಸುತ್ತಿದ್ದ ಅತ್ತೆಯ ಕೈ ಅಲ್ಲೇ ನಿಂತಿತು.

ಮಾರನೆಯ ದಿನ ನಾನು ಸಂತೆಯಿಂದ ಬರುವಷ್ಟರಲ್ಲಿ ಗಿಡ ಹಿತ್ತಲ ಚರಂಡಿಯ ಪಕ್ಕ ಬಿದ್ದಿತ್ತು. ಬೇರು ಬಿಸಿಲಿಗೆ, ಮುರಿದ ಕೊಂಬೆಯಿಂದ ಹಾಲು ಸೋರುತ್ತಿತ್ತು.

"ಆ ಜಾತಿ ಜನದ ಮನೆ ಊವ ನನ್ ಕೈಲೇ ದೇವ್ರಿಗೆ ಇಕ್ಕಿಸ್ದಲ್ಲೇ!" ಎಂದು ಅತ್ತೆ ಕೂಗಿದರು. ನನ್ನ ಗಂಡ ನಾಗೇಶ್ ಪೇಪರಿನಿಂದ ತಲೆ ಎತ್ತದೆ, "ಒಂದು ಗಿಡುಕ್ಕೆ ಯಾಕೆ ರಂಪ ಮಾಡ್ತೀಯ? ಬೇರೆ ತಂದ್ಕೊಡ್ತೀನಿ ಬಿಡು" ಎಂದರು. ನನ್ನ ಮೈ ಹೊತ್ತಿ ಉರಿಯಿತು ಕಣೇ.

"ಬೇರೆ ಬ್ಯಾಡ. ಇದೇ ಇರ್ತೈತೆ, ಬಾಗ್ಲ ಮುಂದೇನೇ ಇರ್ತೈತೆ. ಬ್ಯಾಡ್ದೋರು ಊವ ಮುಟ್ಬೇಡಿ" ಎಂದೆ. ಗೇಟಿನ ಪಕ್ಕ ನಾನೇ ಗುಂಡಿ ತೋಡಿ ನೆಟ್ಟೆ. ಕೊಂಬೆಗಳನ್ನು ಅರ್ಧಕ್ಕೆ ಕತ್ತರಿಸಿ, ಹಸಿ ಗೋಣಿಚೀಲದ ನೆರಳು ಕಟ್ಟಿದೆ. ಇಪ್ಪತ್ತನೆಯ ದಿನ ಎರಡು ಚಿಗುರು ಬಂದವು. ಅತ್ತೆ ಈಗ ಪೇಟೆಯಿಂದ ಹೂ ತರಿಸುತ್ತಾರೆ, ನನ್ನೊಡನೆ ಮಾತಿಲ್ಲ. ಇಲ್ಲದಿದ್ದರೆ ಬೇಡ.

ಮದುವೆಗೆ ಬಂದೇ ಬರುತ್ತೇನೆ. ಲಿಖಿತ ನೂರು ಕಾಲ ಸುಖವಾಗಿ ಬಾಳಲಿ.

ನಿನ್ನ
ಸುಮಲತ

ಮರೆತಿಲ್ಲ, ಬರೆಯಲು ಕೈ ಬರಲಿಲ್ಲ: ಗಿಡ ತಂದ ದಿನ ಅತ್ತೆ ಎಲ್ಲಿಯದೆಂದು ಕೇಳಿದ್ದರು. ನರ್ಸರಿಯದು ಎಂದೆ. ಯಾರೂ ನನ್ನನ್ನು ಹೆದರಿಸಿರಲಿಲ್ಲ ಸೆಲ್ವಿ. ಮೂರು ವರ್ಷ ಹಾಗೇ ಹೇಳಿಕೊಂಡು ಬಂದೆ. ಅಂದು ರಾಜ್‌ಕುಮಾರನ ಎದುರಿಗೇ ಅತ್ತೆ, "ನರ್ಸರೀದು ಅಂದಿದ್ದಲ್ಲೇ?" ಎಂದರು. ಅವನು ನನ್ನ ಮುಖ ನೋಡಿದ, ಕಾಫಿಯನ್ನೂ ಕುಡಿಯದೆ ಹೊರಟ. ಅವನು ನಿನಗೆ ಹೇಳಿರಲಾರ. ಅದಕ್ಕೇ ನಾನು ಹೇಳುತ್ತಿದ್ದೇನೆ.