ಮೂಲೆಯ ಕಂಬಕ್ಕೆ ಎರೆದ ನೀರು

ವಡಾಲ, ಮುಂಬಯಿ
ಮೇ ೧೭, ೨೦೨೪

ಪ್ರೀತಿಯ ಅವ್ವಾ,

ನಿನ್ನ ಮಗ ಶಿವಪುತ್ರನ ಶರಣು. ಮಂಡಿನೋವು ಹೇಗಿದೆ? ಎಣ್ಣೆ ತಿಕ್ಕಿಸಿಕೊಳ್ಳುತ್ತೀಯೋ, ಇಲ್ಲ ಮಗಳ ಮನೆಯಲ್ಲೂ ಎಲ್ಲರಿಗಿಂತ ಮೊದಲೆದ್ದು ಅಂಗಳ ಗುಡಿಸುತ್ತೀಯೋ? "ನನ್ನಿಂದ ಮನಿ ಕೆಟ್ಟೀತು, ನಾ ಇನ್ನ ಬರಾಂಗಿಲ್ಲ" ಎಂದು ಹೋಗಿ ಎರಡು ತಿಂಗಳಾಯಿತು. ಫೋನ್ ಮಾಡಿದರೆ "ಆರಾಮ ಅದೀನಿ" ಎಂದು ಇಟ್ಟುಬಿಡುತ್ತೀ. ಪತ್ರವನ್ನು ಹಾಗೆ ಇಡಲಾಗದಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ತಂಗಿ ಮಹಾದೇವಿ, ಅವ್ವನಿಗೆ ನಿಧಾನವಾಗಿ ಓದಿ ಹೇಳು, ನಿನ್ನ ಕಡೆಯಿಂದ ಏನೂ ಸೇರಿಸಬೇಡ.

ನಿನಗೆಂದೇ ಮನೆಯ ಬೆನ್ನಿಗೆ ಕೂಡಿಸಿದ ಕೋಣೆಯ ಒಂದು ಮೂಲೆ ವಾಲಿತ್ತಲ್ಲ, ಅದು ಬಿದ್ದಿಲ್ಲ, ಬೀಳುವುದೂ ಇಲ್ಲ. ಎಂಟು ದಿನ ಬಡಿಗತನ ಬಿಟ್ಟು ಸುತ್ತ ಮೂರಡಿ ಅಗೆದೆ. ನೆಲದೊಳಗಿನ ಆರೂ ಸಾಗವಾನಿ ಕಂಬಗಳಿಗೆ ಉಳಿ ಚುಚ್ಚಿ ನೋಡಿದೆ. ಐದು ಗಟ್ಟಿಯಾಗಿವೆ. ಮೂಲೆಯದರಲ್ಲಿ ಮಾತ್ರ ಉಳಿ ಬೆಣ್ಣೆಯಲ್ಲಿ ಹೋದಂತೆ ಎರಡು ಬೆರಳು ಇಳಿಯಿತು. ನೀನು ಮದುವೆಯ ಹಂದರಗಂಬದ ಹಾಗೆ ಅರಿಷಿಣ ಹಚ್ಚಿ ದಿನಾ ಒಂದು ತಂಬಿಗೆ ನೀರು ಎರೆಯುತ್ತಿದ್ದೆಯಲ್ಲ, ಅದೇ ಕಂಬ. ಹಂದರಗಂಬ ಐದು ದಿನ ನಿಂತರೆ ಸಾಕು ಅವ್ವಾ, ಇದು ನಿನ್ನ ಮೊಮ್ಮಗಳ ಮದುವೆಯ ತನಕ ನಿಲ್ಲಬೇಕು!

ಜಾಕಿ ಕೊಟ್ಟು ತೊಲೆ ಹಿಡಿದು ಆ ಕಂಬ ಬದಲಿಸಿದೆವು. ಹೊಂಡ ನಾಲ್ಕು ದಿನ ತೆರೆದಿಟ್ಟು ಒಣಗಿಸಿ, ಎಲ್ಲ ಕಂಬಗಳಿಗೂ ಗೆದ್ದಲಿನ ಔಷಧ, ಎರಡು ಸಲ ಡಾಂಬರು, ಮೇಲೆ ದಪ್ಪ ಪ್ಲಾಸ್ಟಿಕ್. ಸುತ್ತ ಮಣ್ಣಿನ ಬದಲು ಖಡಿಗಲ್ಲು ತುಂಬಿದ್ದೇವೆ, ನೀರು ಸೀದಾ ಗಟಾರಕ್ಕೆ ಹೋಗುತ್ತದೆ. ತಗಡಿನ ಸೂರಿನ ನೀರು ಬುಡಕ್ಕೆ ಬೀಳದಂತೆ ಪೈಪನ್ನೂ ಕೂಡಿಸಿದೆ. ಪಕ್ಕದ ಮನೆಯ ಬಂಡೆಪ್ಪ ಕಾಕಾ ಕೈಗಿಂತ ಬಾಯಿಯಿಂದ ಹೆಚ್ಚು ಕೆಲಸ ಮಾಡಿದ: "ತಮ್ಮಾ, ಕಟಿಗಿಗೆ ನೀರು ಬಂದ್ರ ಹೆದರಬ್ಯಾಡ, ನಿಂತ್ರ ಹೆದರು." ಮಾತೇನೋ ಖರೆ. ಇನ್ನು ವರ್ಷಕ್ಕೊಮ್ಮೆ, ಮಳೆಗೆ ಮೊದಲು ಬುಡ ಕೆದರಿ ನೋಡುವುದು ನನ್ನ ಕೆಲಸ.

ನಿನ್ನ ಸೊಸೆ ಅನುರಾಧಾ ಹಾಸಿಗೆ ಬಿಸಿಲಿಗೆ ಹಾಕಿದ್ದಾಳೆ. ಮೊಮ್ಮಗಳು ಯಕ್ಷಿತಾ ಆಟ ಮುಗಿಸಿ ಬಂದೊಡನೆ "ಅಜ್ಜಿ ಕಬ್ ಬರ್ತಾಳ?" ಎಂದು ಹಿಂದಿ ಬೆರೆಸಿ ಕೇಳುತ್ತಾಳೆ. ನಮಗೂ ನೀನಿಲ್ಲದೆ ಮನೆ ಮನೆಯಾಗಿಲ್ಲ.

ಅಲ್ಲಿ ಎಲ್ಲರಿಗೂ ನಮ್ಮ ಶರಣು ತಿಳಿಸು.

ನಿನ್ನ ಪಾದಕ್ಕೆ ಹಣೆ ಹಚ್ಚಿ,
ಶಿವಪುತ್ರ

ತಾ.ಕ.: ಅವ್ವಾ, ಬರೆಯಬೇಕಾದದ್ದು ಇದು. ಕೋಣೆ ಕಟ್ಟುವಾಗ ಡಾಂಬರು ಐದು ಕಂಬಕ್ಕೇ ಮುಗಿದಿತ್ತು. ಮಳೆ ಬರುವ ಅವಸರದಲ್ಲಿ ಮೂಲೆಯದನ್ನು ಹಾಗೇ ನೆಟ್ಟೆ. ಗೊತ್ತಿದ್ದೂ, ನೀನು ಎರೆದ ನೀರಿನಿಂದಲೇ ಕಂಬ ಕೊಳೆಯಿತೆಂದು ಓಣಿಯವರ ಮುಂದೆ ನಿನ್ನನ್ನು ಬೈದೆ. ನಿನ್ನೆ ಅದೇ ಓಣಿಯಲ್ಲಿ ನಿಂತು ತಪ್ಪು ನನ್ನದೆಂದು ಎಲ್ಲರಿಗೂ ಹೇಳಿದೆ. ನಿನಗೆ ಹೇಳಲಿಕ್ಕೇ ಎಲ್ಲಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಬಾರವ್ವಾ.