ಗೂಳಿಯ ಡುಬ್ಬಕ್ಕೆ ಬಿದ್ದ ತೂತು

ಬಂಡೆಚಿತ್ರ ರಕ್ಷಣೆಯ ಕಾಮಗಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ಮೊದಲು ಲೆಕ್ಕ, ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಕಟ್ಟಿ ನಿಮ್ಮ ಕಚೇರಿಯಿಂದಲೇ ಪಡೆದದ್ದು. ಶಿರಹಟ್ಟಿ ಸೀಮೆಯ ಗೂಳಿಬಂಡೆಯನ್ನು ಮುಟ್ಟದೆ ಅದರ ಒಳಗನ್ನು ನೋಡಿದ ರೇಡಾರ್ ಸರ್ವೆಗೆ ನಾಲ್ಕು ಲಕ್ಷ ಎಂಬತ್ತು ಸಾವಿರ. ಆ ಸರ್ವೆ ಖರೆಯೋ ಸುಳ್ಳೋ ಎಂದು ಬಂಡೆ ಕೊರೆದು ನೋಡಲು ಎರಡು ಲಕ್ಷ ಹದಿನೈದು ಸಾವಿರ. ‘ಮುಟ್ಟಬೇಡಿ’ ಎಂಬ ಫಲಕಕ್ಕೆ ಮೂವತ್ತೆಂಟು ಸಾವಿರ. ಜೊತೆಗೆ, ಆ ಬಂಡೆಯ ಮೇಲೆ ಬರೆದ ಸಾವಿರಾರು ವರ್ಷ ಹಳೆಯ ಕೆಂಪು ಗೂಳಿಯ ಡುಬ್ಬ ಒಂದು. ನಿಮ್ಮ ದರಪಟ್ಟಿಯಲ್ಲಿ ಅದಕ್ಕೆ ದರವಿಲ್ಲವಾದ್ದರಿಂದ ಖರ್ಚಿಗೆ ಹಿಡಿದಿಲ್ಲ.

ನಾನು ಮುಂಡರಗಿಯಲ್ಲಿ ಬೋರ್‌ವೆಲ್ ಗಾಡಿ ಇಟ್ಟವನು. ತೂತು ಕೊರೆದೇ ಮನೆ ಕಟ್ಟಿದ್ದೇನೆ. ತೂತಿನ ಮೇಲೆ ನನಗೆ ಹಗೆಯಿಲ್ಲ. ಆದರೆ ನಮ್ಮಲ್ಲೂ ರೈತ ಮೊದಲು ಮಷಿನ್ನಿನವರನ್ನು ಕರೆಸಿ, ನೆಲಕ್ಕೆ ಕಂಬಿ ಚುಚ್ಚಿ ಕರೆಂಟು ಬಿಟ್ಟು ನೀರಿನ ಸುಳಿವು ನೋಡುತ್ತಾನೆ. ಯಾಕೆ? ಒಂದು ದಂಡದ ತೂತು ಉಳಿಯಲಿ ಎಂದು. ಮಷಿನ್ನು ನೀರಿಲ್ಲ ಎಂದಲ್ಲಿ, ಆ ಇಲ್ಲದ ನೀರನ್ನು ಕಣ್ಣಾರೆ ಕಾಣಲು ಕೊರೆಸಿದ ಗಿರಾಕಿ ನನಗಿನ್ನೂ ಸಿಕ್ಕಿಲ್ಲ. ಸಿಕ್ಕಿದ್ದರೆ ಎರಡನೇ ಗಾಡಿ ಕೊಳ್ಳುತ್ತಿದ್ದೆ.

ಸರ್ವೆಯವರು ಬರೆದದ್ದರಲ್ಲಿ ಗೊಂದಲವೇನಿತ್ತು? ಬಂಡೆಯ ನೆತ್ತಿಯಲ್ಲಿ ನಿಂತ ಮಳೆನೀರು ಸಂದಿಗಿಳಿದು ಚಿತ್ರದ ಹಿಂದೆ ಹರಿಯುತ್ತಿದೆ. ಮೇಲೆಯೇ ನೀರು ತಿರುಗಿಸಿ, ಚಿತ್ರದ ಮೈಗೆ ಪೆಟ್ಟು ಹಾಕಬೇಡಿ ಎಂದಷ್ಟೇ. ಆದರೂ ಕೊರೆಯಲು ನನ್ನಿಂದ ಕೊಟೇಶನ್ ಕೇಳಿದಿರಿ. ಕೊಡಲಿಲ್ಲ. ಬೇರೆಯವರು ಕೊಟ್ಟರು.

ಕೊರೆಯುವ ದಿನ ನಾನಲ್ಲಿದ್ದೆ. ಆ ಬಂಡೆಯ ನೆರಳಲ್ಲಿ ಕುರಿ ನಿಲ್ಲಿಸುವ ಕರಿಯವ್ವ ಅಡ್ಡ ನಿಂತಳು. ಕಾರಹುಣ್ಣಿಮೆಗೆ ಅವಳ ಮನೆಯವರು ಈ ಗೂಳಿಗೆ ದೂರದಿಂದಲೇ ಕೈಮುಗಿಯುತ್ತಾರೆ, ಕುಂಕುಮವನ್ನೂ ಹಚ್ಚುವುದಿಲ್ಲ. ನಿಮ್ಮ ಎಂಜಿನಿಯರು ಸಮಾಧಾನ ಹೇಳಿದರು: “ಯವ್ವಾ, ರಿಪೋರ್ಟಿನ್ಯಾಗ ಬರೇ ಗೆರಿ ಅದಾವ. ಸಾಹೇಬ್ರಿಗೆ ಸಂದಿ ಕಣ್ಣಿಗೆ ಕಾಣಬೇಕು.”

“ನಮ್ಮ ಸೊಸಿ ಸ್ಕ್ಯಾನಿಂಗಿನ್ಯಾಗೂ ಗೆರಿನ ಇದ್ದೂರಿ. ಕೂಸು ಐತಿ ಅಂದ್ರು, ನಂಬಿದ್ವಿ. ಹೊಟ್ಟಿ ಕೊಯ್ದು ತೋರಸ್ರಿ ಅನ್ಲಿಲ್ಲ.”

ಅವರು ನಕ್ಕರು, ಕೊರೆಸಿದರು. ಮೂರನೇ ತೂತಿಗೆ ಡುಬ್ಬ ಕಳಚಿ ಬಿತ್ತು. ಸಂದಿ ಮಾತ್ರ ರೇಡಾರ್ ಹೇಳಿದಲ್ಲೇ ಇತ್ತು. ನಿಮ್ಮವರು ಪರಸ್ಪರ ಕೈಕುಲುಕಿದರು.

ಈಗ ಎರಡನೇ ಹಂತವಂತೆ: ಇನ್ನೂ ಒಂಬತ್ತು ತೂತು, ಗೂಳಿಯ ತಲೆಯ ಕಡೆಗೆ. ಆ ಆದೇಶವನ್ನು ಮಳೆಗೆ ಮುಂಚೆ ರದ್ದು ಮಾಡಿ. ಸರ್ವೆಯವರನ್ನೇ ಮುಂದೆ ನಿಲ್ಲಿಸಿಕೊಂಡು ನೆತ್ತಿಯ ನೀರು ತಿರುಗಿಸಿ. ಕೂಲಿ ನಾನು ಕೊಡುತ್ತೇನೆ, ರಸೀದಿಯೂ ಬೇಡ.

ಇಂತಿ,
ತೂತಿನ ಅನ್ನ ಉಂಡೂ ತೂತು ಬೇಡವೆನ್ನುವ
ಗವಿಸಿದ್ದಪ್ಪ, ಮುಂಡರಗಿ

ಇಲ್ಲಿಯವರೆಗಿನ ಜಮೆ: ಕೊರೆದವರಿಗೆ ಬಿಲ್ಲು. ನಿಮಗೆ ಮೊದಲ ಹಂತ ಮುಗಿದ ಪತ್ರ. ಮಳೆನೀರಿಗೆ ಮೂರು ಹೊಸ ದಾರಿ. ಕರಿಯವ್ವನಿಗೆ, ಒಂದು ಉಡಿ ಕೆಂಪು ಕಲ್ಲಿನ ಚೂರು.