ವಿಗಾನ್ ಚೌಕದಲ್ಲಿ ಮರಿಸೆಲ್ ಸಿಸ್ಟರ್

ವಿಗಾನ್, ಫಿಲಿಪೈನ್ಸ್
ಭಾನುವಾರ

ಪ್ರೀತಿಯ ಅತ್ತೆಗೆ ನಮಸ್ಕಾರ.

ಮನಿಲಾದಲ್ಲಿ ಆಫೀಸಿನ ಟ್ರೈನಿಂಗ್ ಮುಗಿಯಿತು. ಎರಡು ದಿನ ರಜೆ ಹಾಕಿ, ಒಂಬತ್ತು ಗಂಟೆ ಬಸ್ಸಿನಲ್ಲಿ ಕೂತು ಇಲ್ಲಿಗೆ ಬಂದೆ. ಸ್ಪೇನಿನವರು ಆಳುತ್ತಿದ್ದಾಗ ಕಟ್ಟಿದ ಊರು. ದೊಡ್ಡ ಚೌಕ, ಒಂದು ಬದಿಗೆ ಬಿಳಿ ಇಗರ್ಜಿ, ನಡುವೆ ಕಾರಂಜಿ, ಸುತ್ತ ಕುದುರೆಗಾಡಿಗಳು.

ಅಲ್ಲಿ ಗಲ್ಫಿನ ಸೂರ್ ಆಸ್ಪತ್ರೆಯಲ್ಲಿ ನಿಮಗೆ ಬಲಗೈಯೂ ಮಾತೂ ನಿಂತುಹೋಗಿದ್ದಾಗ ಮೂರು ತಿಂಗಳು ನೋಡಿಕೊಂಡ ಮರಿಸೆಲ್ ಸಿಸ್ಟರ್ ಊರು ಇದೇ. ನಾವು ಒಂದು ಒಳ್ಳೆಯ ಮಾತು ಹೇಳುವ ಮೊದಲೇ ಕಾಂಟ್ರಾಕ್ಟ್ ಮುಗಿದು ಹೊರಟುಹೋಗಿದ್ದರಲ್ಲ, ಅವರೇ. ಫೇಸ್‌ಬುಕ್ಕಿನಲ್ಲಿ ಹುಡುಕಿ, ಬರುತ್ತೇನೆಂದು ಬರೆದಿದ್ದೆ. ಗುರುತು ಸಿಗುತ್ತದೋ ಇಲ್ಲವೋ ಎಂದು ಇಗರ್ಜಿಯ ಮೆಟ್ಟಿಲ ಮೇಲೆ ನಿಂತಿದ್ದರೆ, ಹಿಂದಿನಿಂದ ಯಾರೋ "ವಣಸ್ ಆಂಡಾ?" ಎಂದರು. ಈ ಚೌಕದಲ್ಲಿ ತುಳು! ತಿರುಗಿ ನೋಡಿದರೆ ಸಿಸ್ಟರ್. ಮಾತು ಮರಳಿದ ದಿನ ನೀವು ಅವರನ್ನು ಮೊದಲು ಕೇಳಿದ್ದೇ ಅದಂತೆ, ಊಟ ಆಯಿತಾ ಎಂದು.

ನಾನು ಉಪಕಾರ ನೆನೆಯಲು ಹೊರಟರೆ, "ಅದೆಲ್ಲ ಬಿಡಿ ಮೇಡಂ. ಅಮ್ಮ ಈಗ ಬಲಗೈಯಲ್ಲೇ ಉಣ್ತಾರಾ?" ಎಂದು ಕೇಳಿದರು. ಅಲ್ ಹೈಲಿನ ನಮ್ಮ ಮನೆಯಲ್ಲಿ ನೀವು ನೀರುದೋಸೆ ಹೊಯ್ದ ವಿಡಿಯೋ ತೋರಿಸಿದೆ. ಮೂರು ಸಲ ನೋಡಿದರು. ಆಮೇಲೆ ಫೋನನ್ನು ನನ್ನ ಕೈಗಿಟ್ಟು, ಕಾರಂಜಿಯ ಕಡೆ ತಿರುಗಿ ಕಣ್ಣೊರೆಸಿಕೊಂಡರು.

ನಾನು ಆರಾಮವಾಗಿದ್ದೇನೆ. ನೀವು ಬಿ.ಪಿ. ಮಾತ್ರೆ ಒಂದು ದಿನವೂ ತಪ್ಪಿಸಬಾರದು. ಇದು ನನ್ನ ಮಾತಲ್ಲ, ಸಿಸ್ಟರ್ ಆರ್ಡರ್. ಬಸ್ಸಿಗೆ ಹೊತ್ತಾಯಿತು.

ನಿಮ್ಮ ಸೊಸೆ,
ಸುಪ್ರೀತಾ